ಮೂಲೆ ಮಾಡುವ ಮುಂಚೆ ಕೈ ಎಣಿಸಿ: ವಿಶೇಷ ತರಗತಿಯ ಕಲಿಕಾ ಮೂಲೆಗಳು

ವಿಶೇಷ ಮಕ್ಕಳ ಕೋಣೆಯಲ್ಲಿ ಕಲಿಕಾ ಮೂಲೆ ಮಾಡಬೇಕು ಅಂದಕೂಡಲೇ ಹೆಚ್ಚಿನವರು ಮೊದಲು ಹೋಗುವುದು ಸ್ಟೇಷನರಿ ಅಂಗಡಿಗೆ. ಬಣ್ಣದ ಚಾರ್ಟು, ಪ್ಲಾಸ್ಟಿಕ್ ಬುಟ್ಟಿ, ಗೋಡೆಗೆ ಅಂಟಿಸುವ ಹೂವು ಎಲ್ಲ ಬರುತ್ತವೆ. ಓದುವ ಮೂಲೆ, ಗಣಿತದ ಮೂಲೆ, ವಿಜ್ಞಾನದ ಮೂಲೆ, ಚಿತ್ರಕಲೆಯ ಮೂಲೆ, ಆಟದ ಮೂಲೆ ಎಂದು ಬೋರ್ಡು ತೂಗುತ್ತವೆ. ತಿಂಗಳು ಕಳೆಯುವಷ್ಟರಲ್ಲಿ ಎಲ್ಲ ಮಕ್ಕಳೂ ಆಟದ ಮೂಲೆಯಲ್ಲಿರುತ್ತಾರೆ, ಉಳಿದ ಮೂಲೆಗಳಲ್ಲಿ ಕಪಾಟಿಗೆ ಹಿಡಿಸದ ಸಾಮಾನು ಇರುತ್ತದೆ. ಎಷ್ಟು ಮೂಲೆ ಬೇಕೆಂದು ಪಾಠದ ವಿಷಯಗಳನ್ನು ನೋಡಿ ತೀರ್ಮಾನಿಸಿದ್ದೇ ಇಲ್ಲಿ ಆದ ತಪ್ಪು. ನೋಡಬೇಕಾದದ್ದು ಕೋಣೆಯಲ್ಲಿರುವ ದೊಡ್ಡವರ ಕೈಗಳನ್ನು.

ಲೆಕ್ಕ ಹೀಗೆ ಹಾಕಿ. ಕೋಣೆಯಲ್ಲಿ 8 ಮಕ್ಕಳು, ಒಬ್ಬರು ಅಕ್ಕೋರು (ಶಿಕ್ಷಕಿ), ಒಬ್ಬರು ಆಯಾ ಇದ್ದಾರೆ ಅನ್ನೋಣ. ಒಬ್ಬ ದೊಡ್ಡವರು ಒಂದು ಮೂಲೆಯನ್ನಷ್ಟೇ ನಡೆಸಬಲ್ಲರು. ನಾಲ್ಕು ಮೂಲೆ ಮಾಡಿ ತಲಾ ಇಬ್ಬರನ್ನು ಕೂರಿಸಿದರೆ, ಎರಡು ಮೂಲೆಗಳ ನಾಲ್ಕು ಮಕ್ಕಳು ಯಾರ ಕೈಯೂ ಇಲ್ಲದೆ ಇರಬೇಕಾಗುತ್ತದೆ. ಈಗ ಹಾಜರಿ ಪುಸ್ತಕ ತೆಗೆದು ಕೇಳಿಕೊಳ್ಳಿ: ಯಾರೂ ಮುಟ್ಟದೆ, ಯಾರೂ ಮಾತಾಡಿಸದೆ, ಐದು ನಿಮಿಷ ಸುರಕ್ಷಿತವಾಗಿ ಕೆಲಸ ಮಾಡಬಲ್ಲ ಮಕ್ಕಳು ಎಷ್ಟು? ಇಬ್ಬರೇ ಇದ್ದರೆ ನಿಮಗೆ ಮೂರು ಮೂಲೆ ಸಾಕು. ಮೂವರು ಅಕ್ಕೋರ ಹತ್ತಿರ, ಮೂವರು ಆಯಾ ಹತ್ತಿರ, ಇಬ್ಬರು ತಾವಾಗಿ. ಯಾರೂ ಇಲ್ಲವೆಂದಾದರೆ ಎರಡರಿಂದಲೇ ಶುರು. ಇದರಲ್ಲಿ ನಾಚಿಕೆ ಏನಿಲ್ಲ. ಮೂರನೆಯ ಮೂಲೆ ಬರಬೇಕಾದದ್ದು ತಾನಾಗಿ ಕೆಲಸ ಮಾಡಬಲ್ಲ ಮಗು ತಯಾರಾದಾಗ, ಮೂರನೆಯ ಮೇಜು ಬಂದಾಗ ಅಲ್ಲ.

ನಮ್ಮ ಸರಕಾರಿ ಶಾಲೆಗಳಿಗೆ ಇದು ಹೊಸ ವಿದ್ಯೆಯೇನಲ್ಲ. ಚಿಕ್ಕ ತರಗತಿಗಳ ನಲಿಕಲಿ ಪದ್ಧತಿಯ ಕೋಣೆಯಲ್ಲಿ ತಟ್ಟೆಗಳಿವೆ, ಅಂದರೆ ಮಕ್ಕಳು ಕೂರುವ ಗುಂಪುಗಳು. ಶಿಕ್ಷಕರ ಬೆಂಬಲದ ತಟ್ಟೆಯಿಂದ ಸ್ವಕಲಿಕೆಯ ತಟ್ಟೆಯ ತನಕ ಮಕ್ಕಳು ಕಲಿಕೆಯ ಏಣಿಯ ಮೆಟ್ಟಿಲು ನೋಡಿಕೊಂಡು ಸಾಗುತ್ತಾರೆ. ನಲಿಕಲಿ ಮಾಡಿದ ಅಕ್ಕೋರಿಗೆ ಮೂಲೆಗಳ ತತ್ವ ಅರ್ಧ ಗೊತ್ತೇ ಇರುತ್ತದೆ. ಬೇರೆಯಾಗುವುದು ಎರಡು ಕಡೆ. ನಲಿಕಲಿಯ ಮಗು ಏಣಿಯಲ್ಲಿ ತನ್ನ ಮೆಟ್ಟಿಲನ್ನು ತಾನೇ ಹುಡುಕಿ ಕಾರ್ಡು ತೆಗೆದುಕೊಳ್ಳುತ್ತದೆ. ಇಲ್ಲಿ ಮುಂದೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಚಿತ್ರವಾಗಿಯೋ ವಸ್ತುವಾಗಿಯೋ ಮಗುವಿನ ಕೈಗೇ ಕೊಡಬೇಕು. ಅಲ್ಲಿ ತಲೆಯ ಮೇಲಿನ ಚಪ್ಪರದ ತುಂಬ ಚಿತ್ರಗಳು ತೂಗಿದರೆ ಚೆಂದ. ಇಲ್ಲಿ ಫ್ಯಾನ್ ಗಾಳಿಗೆ ಅಲ್ಲಾಡುವ ಆ ನೂರು ಕಾಗದವೇ ಆಟಿಸಂ ಇರುವ ಮಗುವಿನ ಕಣ್ಣನ್ನು ಇಡೀ ದಿನ ಎಳೆದುಕೊಂಡುಬಿಡುತ್ತದೆ. ಚಪ್ಪರ ಇಳಿಸಿ. ಆ ವಾರ ಬೇರೇನೂ ಮಾಡದಿದ್ದರೂ ಕೋಣೆ ಅರ್ಧ ಶಾಂತವಾಗುತ್ತದೆ.

ನೆಲ, ಬಾಗಿಲು, ಬಿಸಿಲು

20 ಅಡಿ ಉದ್ದ, 20 ಅಡಿ ಅಗಲದ ಕೋಣೆ ಅಂದುಕೊಳ್ಳಿ. ಮೊದಲು ಸಾಮಾನೆಲ್ಲ ಹೊರಗೆ ಹಾಕಿ, ಹಾದಿ ಗುರುತು ಮಾಡಿ. ಗಾಲಿಕುರ್ಚಿಗೆ ನೇರ ಹೋಗಲು 3 ಅಡಿ, ಪೂರ್ತಿ ತಿರುಗಲು 5 ಅಡಿ ಜಾಗ ಬೇಕು. ಕೋಣೆಯ ನಡುವೆ ಈ 5 ಅಡಿ ಖಾಲಿ ಉಳಿಯಲೇಬೇಕು. ಅಲ್ಲಿ ಟೇಬಲ್ ಇಡುವ ಆಸೆ ಎಲ್ಲರಿಗೂ ಬರುತ್ತದೆ, ಇಡಬೇಡಿ. ಮೂಲೆಗಳು ಗೋಡೆಗುಂಟ ಕೂರಲಿ.

ಯಾವುದು ಎಲ್ಲಿ? ನೀರು, ಸ್ಟವ್, ಹಿಟ್ಟಿನ ಕೆಲಸವಿರುವ ದಿನನಿತ್ಯದ ಕೆಲಸದ ಮೂಲೆ ಪಡಸಾಲೆಯ ಬಾಗಿಲ ಹತ್ತಿರ, ಬಚ್ಚಲ ಮೋರಿ ಸಮೀಪ. ಆದರೆ ಓಡಿಹೋಗುವ ಅಭ್ಯಾಸದ ಮಗುವನ್ನು ಅಲ್ಲಿ ಕೂರಿಸುವಾಗ ಬಾಗಿಲಿಗೂ ಮಗುವಿಗೂ ನಡುವೆ ಆಯಾ ಕೂರಬೇಕು. ಮಗು ತಾನಾಗಿ ಕೆಲಸ ಮಾಡುವ ಸ್ವಂತ ಕೆಲಸದ ಮೂಲೆ ಬಾಗಿಲಿನಿಂದ ದೂರ, ಮಗು ಗೋಡೆಗೆ ಮುಖ ಮಾಡಿ ಕೂರುವಂತೆ. ಅಕ್ಕೋರ ಬೆನ್ನು ಗೋಡೆಗೆ ಇರಬೇಕು, ಅವರ ಮುಂದಿನ ಮಕ್ಕಳ ಬೆನ್ನು ಕೋಣೆಗೆ; ಹೀಗಾದರೆ ಅಕ್ಕೋರಿಗೆ ಇಡೀ ಕೋಣೆ ಕಾಣುತ್ತದೆ, ಮಗುವಿಗೆ ಅಕ್ಕೋರ ಮುಖವೊಂದೇ ಕಾಣುತ್ತದೆ. ಕಿವಿ ಕೇಳದ ಮಗು ಇದ್ದರೆ ಕಿಟಕಿ ಅಕ್ಕೋರ ಬೆನ್ನ ಹಿಂದೆ ಬರಬಾರದು. ಹಿಂದಿನಿಂದ ಬೆಳಕು ಬಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ಓದಲಾಗುವುದಿಲ್ಲ. ಕಣ್ಣು ಮಂದ ಇರುವ ಮಗುವಿಗೂ ಕಿಟಕಿ ಎದುರಿಗೆ ಬೇಡ, ಪಕ್ಕಕ್ಕೆ ಇರಲಿ. ಮೇಜಿಗೆ ಕಪ್ಪು ಬಟ್ಟೆ ಹಾಸಿ ಅದರ ಮೇಲೆ ಹಳದಿ, ಬಿಳಿ ವಸ್ತು ಕೊಡಿ.

ನಮ್ಮ ಕಡೆಯ ಬಂಡೆ ನೆಲಕ್ಕೆ ಬಣ್ಣದ ಟೇಪು ನಿಲ್ಲುವುದಿಲ್ಲ. ಧೂಳು, ಒರಸುವ ನೀರು ಸೇರಿ ವಾರದಲ್ಲಿ ಅಂಚು ಏಳುತ್ತದೆ, ಎದ್ದ ಅಂಚನ್ನು ಕೀಳುವುದೇ ಒಂದು ಮಗುವಿನ ಕೆಲಸವಾಗುತ್ತದೆ. 2 ಇಂಚು ಅಗಲದ ಎಣ್ಣೆ ಬಣ್ಣದ ಪಟ್ಟಿ ಎಳೆಯಿಸಿ, ಒಂದು ಮೂಲೆಗೆ ಒಂದೇ ಬಣ್ಣ. ಕೋಣೆಯನ್ನು ತರಬೇತಿಗೋ ಮತಗಟ್ಟೆಗೋ ಬಿಟ್ಟುಕೊಡಬೇಕಾದ ಕಡೆ ಇದು ಇನ್ನೂ ಮುಖ್ಯ: ಮೇಜು ಎತ್ತಿ ಹೊರಗಿಟ್ಟರೂ ಮಾರನೆಯ ದಿನ ಕಾಲುಗಳನ್ನು ಅದೇ ಗೆರೆಗೆ ಕೂರಿಸಬಹುದು. ಮೇಜು ಒಂದು ಮೊಳ ಸರಿದರೂ ಅಳುವ ಮಕ್ಕಳಿದ್ದಾರೆ. ಕುರ್ಚಿ ಕಾಲುಗಳಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಕಟ್ಟಿ. ಬಂಡೆಯ ಮೇಲೆ ಕಬ್ಬಿಣ ಎಳೆಯುವ ಸದ್ದು ಶ್ರವಣಯಂತ್ರ ಹಾಕಿದ ಮಗುವಿಗೆ ನಿಜವಾದ ಹಿಂಸೆ.

ಮೇಜು ಕುರ್ಚಿಯ ಎತ್ತರವನ್ನು ಅಳತೆಪಟ್ಟಿಗಿಂತ ಮಗುವಿನ ಮೈ ನೋಡಿ ಹೇಳಬೇಕು. ಪಾದ ಪೂರ್ತಿ ನೆಲಕ್ಕೆ, ಮಂಡಿ ಮತ್ತು ಸೊಂಟ ಲಂಬ ಕೋನದಲ್ಲಿ, ಮೊಣಕೈ ಮಡಚಿದಾಗ ಮೇಜಿನ ಮಟ್ಟಕ್ಕೆ. ಪಾದ ತೂಗಾಡುತ್ತಿದ್ದರೆ ಕೆಳಗೊಂದು ಮಣೆ ಇಡಿ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಕೈ ನಡುಗುವುದು ಎಷ್ಟೋ ಸಲ ಕೈಯ ದೋಷದಿಂದಲ್ಲ. ಪಾದಕ್ಕೆ ನೆಲ ಸಿಗದೆ ಇಡೀ ಮೈ ತನ್ನನ್ನು ತಾನು ಹಿಡಿದುಕೊಳ್ಳಲು ಹೆಣಗುತ್ತಿರುತ್ತದೆ. ನೆಲದ ಮೇಲೆ ಕೂರುವ ಮೂಲೆಯಲ್ಲಿ, ಮಂಡಿ ಮುಂದಕ್ಕೆ ಪಾದ ಎರಡೂ ಪಕ್ಕಕ್ಕೆ ಚಾಚಿ ಕೂರುವ ಮಕ್ಕಳನ್ನು ಕಂಡರೆ ಚಕ್ಕಳಮಕ್ಕಳ ಹಾಕಿಸಿ, ಇಲ್ಲವೇ ಗೋಡೆಗೆ ಒರಗಿಸಿ ಕಾಲು ಚಾಚಿಸಿ.

ಸ್ವಂತ ಕೆಲಸದ ಮೂಲೆ

ಉಳಿದ ಎಲ್ಲ ಮೂಲೆಗಳು ನಡೆಯುವುದು ಈ ಮೂಲೆಯ ಮೇಲೆ. ಇಲ್ಲಿ ಇಬ್ಬರು ಮಕ್ಕಳು ತಾವಾಗಿ ಕೂತರಷ್ಟೇ ಅಕ್ಕೋರಿಗೆ ತಮ್ಮ ಹತ್ತಿರ ಇರುವವರಿಗೆ ಹೊಸದೇನಾದರೂ ಕಲಿಸಲು ಪುರುಸೊತ್ತು.

ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಮತ್ತು ಸಂಗಡಿಗರು ಆಟಿಸಂ ಇರುವ ಮಕ್ಕಳಿಗೆಂದು ಬೆಳೆಸಿದ, 1972ರಲ್ಲಿ ಆ ರಾಜ್ಯದ ಕಾರ್ಯಕ್ರಮವಾದ ಟೀಚ್ ಪದ್ಧತಿಯಿಂದ ಈ ಮೂಲೆಯ ಕಟ್ಟು ಬಂದಿದೆ. ಮಗುವಿಗೆ ನಾಲ್ಕು ಪ್ರಶ್ನೆಗಳ ಉತ್ತರ ಮಾತಿಲ್ಲದೆ ಕಾಣಬೇಕು: ಯಾವ ಕೆಲಸ, ಎಷ್ಟು, ಮುಗಿಯಿತೆಂದು ಹೇಗೆ ಗೊತ್ತು, ಮುಗಿದ ಮೇಲೆ ಏನು. ಬೌದ್ಧಿಕ ಅಂಗವಿಕಲತೆ ಇರುವ ಮಕ್ಕಳಿಗೂ ಇದು ಅಷ್ಟೇ ಚೆನ್ನಾಗಿ ಹೊಂದುತ್ತದೆ.

ಮೇಜಿನ ಎಡಕ್ಕೆ ಮೂರು ಖಾನೆಯ ಸಣ್ಣ ಸ್ಟ್ಯಾಂಡು, ಖಾನೆಗೊಂದು ಶೂ ಡಬ್ಬಿ. ಬಲಕ್ಕೆ ನೆಲದ ಮೇಲೆ ದೊಡ್ಡ ಬುಟ್ಟಿ, ಅದು ‘ಮುಗೀತು’ ಬುಟ್ಟಿ. ಮೇಜಿನ ಮೇಲಂಚಿಗೆ ಒಂದು ಪಟ್ಟಿ. ಅದರ ಮೇಲೆ ವೆಲ್ಕ್ರೋದಿಂದ ಮೂರು ಗುರುತು, ಕೊನೆಗೆ ಮುಂದೆ ಹೋಗಬೇಕಾದ ಜಾಗದ ಚಿತ್ರ, ಆಟದ ಮೂಲೆಗಾದರೆ ಚೆಂಡು. ಮಗು ಮೊದಲ ಗುರುತು ಕಿತ್ತು, ಅದೇ ಗುರುತಿರುವ ಡಬ್ಬಿಗೆ ಅಂಟಿಸಿ, ಡಬ್ಬಿ ತೆಗೆದು, ಕೆಲಸ ಮಾಡಿ, ಬಲಗಡೆಯ ಬುಟ್ಟಿಗೆ ಹಾಕುತ್ತದೆ. ಮೂರೂ ಮುಗಿದಾಗ ಪಟ್ಟಿಯಲ್ಲಿ ಉಳಿದಿರುವುದು ಚೆಂಡಿನ ಚಿತ್ರವೊಂದೇ. ಎಡದಿಂದ ಬಲಕ್ಕೆ ಅನ್ನುವುದು ಮುಂದೆ ಓದುವ ದಿಕ್ಕಿಗೂ ಒದಗುತ್ತದೆ. ಗುರುತಿಗೆ ಬಣ್ಣವೇ ಆಗಬೇಕೆಂದಿಲ್ಲ. ಬಣ್ಣ ಹೊಂದಿಸಲು ಬಾರದ ಮಗುವಿಗೆ ಬಳೆ, ಚಮಚ, ಬಟ್ಟೆ ಕ್ಲಿಪ್ ಇಂಥ ನಿಜ ವಸ್ತುಗಳ ಜೋಡಿ ಇಡಿ.

ಡಬ್ಬಿಯೊಳಗೆ ಏನು? ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಸೀಳು ಕೊಯ್ದು ಅದರೊಳಗೆ ಹಾಕುವ 10 ಬಿಲ್ಲೆ. ಒಂದೇ ಅಳತೆಯ 6 ನಟ್ಟು, 6 ಬೋಲ್ಟು. ಮೊಟ್ಟೆಯ ಟ್ರೇ ತುಂಡಿನ 12 ಕುಳಿಗೆ 12 ಪ್ಲಾಸ್ಟಿಕ್ ಚೆಂಡು. ಚಮಚ, ಲೋಟ ವಿಂಗಡಿಸಲು ಎರಡು ಪಾತ್ರೆ. ಇವೆಲ್ಲಕ್ಕೂ ಕೊನೆಯೊಂದಿದೆ, ಅದು ಕಣ್ಣಿಗೆ ಕಾಣುತ್ತದೆ. ಚಿತ್ರಕ್ಕೆ ಬಣ್ಣ ತುಂಬುವುದು, ಮಣ್ಣಿನ ಉಂಡೆ, ಬ್ಲಾಕ್ ಜೋಡಣೆಗೆ ಹಾಗೆ ಕೊನೆಯಿಲ್ಲ. ಎಷ್ಟಕ್ಕೆ ನಿಲ್ಲಿಸಬೇಕೆಂದು ತಿಳಿಯದೆ ಮಗು ಎಸೆಯಲು ಶುರು ಮಾಡುತ್ತದೆ, ನಾವು ಅದಕ್ಕೆ ‘ಹಟ’ ಅನ್ನುತ್ತೇವೆ.

ಈ ಮೂಲೆ ಕೆಡಲು ದೊಡ್ಡ ಕಾರಣವೆಂದರೆ ಇಲ್ಲಿ ಹೊಸ ಪಾಠ ಇಡುವುದು. ಬರದ ಕೆಲಸ ಕೊಟ್ಟರೆ ಮಗು ಅಕ್ಕೋರನ್ನು ಕರೆಯುತ್ತದೆ, ಅಕ್ಕೋರು ಎದ್ದು ಬರುತ್ತಾರೆ, ಎರಡೂ ಮೂಲೆ ನಿಲ್ಲುತ್ತವೆ. ಐದು ಸಲದಲ್ಲಿ ನಾಲ್ಕು ಸಲ ಸರಿಯಾಗಿ, ಸತತ ಮೂರು ದಿನ, ದೊಡ್ಡವರ ಎದುರಿಗೆ ಮಾಡಿದ ಕೆಲಸ ಮಾತ್ರ ಇಲ್ಲಿಗೆ ಬರಬೇಕು. ಕಲಿತದ್ದನ್ನೇ ಮಾಡಿಸುವುದು ವ್ಯರ್ಥ ಅನ್ನುವವರಿದ್ದಾರೆ. ಬೋಲ್ಟು ತಿರುವುವುದನ್ನು ಮಗು ಎಂದೋ ಕಲಿತಾಗಿದೆ. ಈಗ ಅದು ಕಲಿಯುತ್ತಿರುವುದು ಯಾರೂ ಹೇಳದೆ ಶುರು ಮಾಡಿ, ಯಾರೂ ಹೇಳದೆ ಮುಗಿಸುವುದನ್ನು. ದೊಡ್ಡವನಾದ ಮೇಲೆ ಕೆಲಸಕ್ಕೆ ಹೋಗಲು ಬೇಕಾದ ಗುಣ ಇದೇ.

ಕಲಿಸುವಾಗ ಮಗುವಿನ ಹಿಂದೆ ನಿಂತು, ಬಾಯಿ ಮುಚ್ಚಿಕೊಂಡು, ಕೈಯಿಂದ ಕೈ ನಡೆಸಿ. ‘ತೊಗೋ, ಇದರಾಗ ಹಾಕು, ಶಾಣ್ಯಾ, ಈಗ ಇನ್ನೊಂದು’ ಎಂದು ಮಾತಾಡುತ್ತಿದ್ದರೆ ಆ ಮಾತೇ ಕೆಲಸದ ಭಾಗವಾಗುತ್ತದೆ. ನೀವು ದೂರ ಹೋದಾಗ ಮಾತಿಲ್ಲ, ಕೆಲಸವೂ ಇಲ್ಲ. ಕೈಯ ನೆರವನ್ನು ಕಡಿಮೆ ಮಾಡುತ್ತ ಹೋಗುವುದು ಸುಲಭ: ಅಂಗೈಯಿಂದ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ, ಆಮೇಲೆ ಬರೀ ನೆರಳು. ಮಾತಿನ ನೆರವನ್ನು ಕಡಿಮೆ ಮಾಡುವುದು ಬಹಳ ಕಷ್ಟ. ಮೊದಲ ವಾರ ಒಂದೇ ಡಬ್ಬಿ, ಒಂದೇ ನಿಮಿಷ.

ಸಣ್ಣಪುಟ್ಟ ಎಚ್ಚರಿಕೆಗಳು ಇಲ್ಲಿಯೇ ಹೆಚ್ಚು. ಡಬ್ಬಿಯ ಮುಚ್ಚಳದ ಮೇಲೆ ಒಳಗಿನ ತುಂಡುಗಳ ಸಂಖ್ಯೆ ಬರೆಯಿರಿ. 12 ಕುಳಿಗೆ 11 ಚೆಂಡಿದ್ದರೆ ಕೆಲವು ಮಕ್ಕಳಿಗೆ ಆ ಕೆಲಸ ಎಂದಿಗೂ ಮುಗಿಯುವುದಿಲ್ಲ, ಅಂದಿನ ದಿನವೇ ಕೆಡುತ್ತದೆ. ಪಾತ್ರೆಗಳನ್ನು ಡಬ್ಬಿಯ ತಳಕ್ಕೆ ಗೋಂದಿನಿಂದ ಕೂರಿಸಿ. ಕೈ ಅದುರುವ ಮಗುವಿನ ಡಬ್ಬಿಯ ತಳದಲ್ಲಿ ಅರ್ಧ ಕಿಲೋ ಮರಳಿನ ಚೀಲ, ಡಬ್ಬಿಯ ಕೆಳಗೆ ಒದ್ದೆ ಬಟ್ಟೆ. ಬಾಯಿಗೆ ಹಾಕುವ ಮಗುವಿದ್ದರೆ ಒಂದೂಕಾಲು ಇಂಚು ಒಳಅಗಲದ ಪೈಪಿನ ತುಂಡೊಂದನ್ನು ಕಪಾಟಿನಲ್ಲಿಟ್ಟುಕೊಂಡು ಪ್ರತಿ ವಸ್ತುವನ್ನೂ ಅದರೊಳಗೆ ಇಳಿಸಿ ನೋಡಿ. ಇಳಿದರೆ ಆ ಮಗುವಿಗೆ ಕೊಡಬಾರದು. ನೀರಿನ ಬಾಟಲಿಯ ಮುಚ್ಚಳ ಇಳಿಯುತ್ತದೆ, ಹುಣಸೆ ಬೀಜ, ಗುಂಡಿ, ನಟ್ಟು ಎಲ್ಲ ಇಳಿಯುತ್ತವೆ. ಉಪ್ಪಿನಕಾಯಿ ಬಾಟಲಿಯ ಅಗಲ ಮುಚ್ಚಳ ಇಳಿಯುವುದಿಲ್ಲ.

ದಿನನಿತ್ಯದ ಕೆಲಸದ ಮೂಲೆ

ಮಗು ಅಂಕಿ ಕಲಿಯದಿದ್ದರೂ ಮನೆಯವರು ತಾಳ್ಮೆಯಿಂದ ಇರುತ್ತಾರೆ; ಚಡ್ಡಿ ಹಾಕಿಕೊಳ್ಳುವುದು ಬರದಿದ್ದರೆ ತಾಯಿ ಕೂಲಿಗೆ ಹೋಗುವಂತಿಲ್ಲ. ಈ ಮೂಲೆಯ ತೂಕ ಅಷ್ಟಿದೆ.

ಗುಂಡಿ ಹಾಕುವ ಹಲಗೆಗಳನ್ನು ದುಡ್ಡು ಕೊಟ್ಟು ತರಬೇಕಿಲ್ಲ. ಬಳ್ಳಾರಿ ಜೀನ್ಸ್ ಹೊಲಿಗೆಯ ಊರು. ಹೊಲಿಯುವ ಕಡೆ ಕೇಳಿದರೆ ಬಟ್ಟೆ ತುಂಡು, ಉಳಿದ ಜಿಪ್ಪು, ಲೋಹದ ಗುಂಡಿ ಸಿಗುತ್ತವೆ. 12 ಇಂಚು ಚೌಕದ ಕಟ್ಟಿಗೆ ಚೌಕಟ್ಟಿಗೆ ಎರಡು ತುಂಡು ಬಟ್ಟೆಯನ್ನು ಮೊಳೆ ಹೊಡೆದರೆ ಹಲಗೆ ತಯಾರು. ಆದರೆ ಕ್ರಮ ತಪ್ಪಬಾರದು. ಜೀನ್ಸ್ ಬಟ್ಟೆಯ ಲೋಹದ ಗುಂಡಿ ಎಲ್ಲಕ್ಕಿಂತ ಬಿಗಿ, ಅದು ಕೊನೆಗೆ. ಮೊದಲ ಹಲಗೆ ಮೆತ್ತಗಿನ ಕಾಟನ್ ಬಟ್ಟೆಯದು, 1 ಇಂಚಿನ ಚಪ್ಪಟೆ ಗುಂಡಿ ಮೂರು, ಕಾಜ ಗುಂಡಿಗಿಂತ 5 ಮಿಲಿಮೀಟರ್ ಉದ್ದ. ಆಮೇಲೆ ಮುಕ್ಕಾಲು ಇಂಚು, ಅರ್ಧ ಇಂಚು, ಆಮೇಲೆ ಒತ್ತು ಗುಂಡಿ, ಕಡೆಗೆ ಜೀನ್ಸ್. ಜಿಪ್ಪಿನ ಎಳೆಗೆ ಕೀಲಿ ರಿಂಗು ಪೋಣಿಸಿದರೆ ಬೆರಳ ತುದಿ ಹಿಡಿತವಿಲ್ಲದ ಮಗುವೂ ಎಳೆಯಬಲ್ಲದು.

ಹಲಗೆಯಲ್ಲಿ ಚಕಚಕನೆ ಗುಂಡಿ ಹಾಕುವ ಮಗು ತನ್ನ ಅಂಗಿಗೆ ಹಾಕಲಾರದೆ ನಿಲ್ಲುವುದನ್ನು ಮೇಲಿಂದ ಮೇಲೆ ಕಾಣುತ್ತೇವೆ. ಮೇಜಿನ ಮೇಲಿನ ಹಲಗೆಯಲ್ಲಿ ಗುಂಡಿ ಕಣ್ಣಮುಂದೆ ಇರುತ್ತದೆ. ಮೈಮೇಲಿನ ಅಂಗಿಯಲ್ಲಿ ಗದ್ದದ ಕೆಳಗೆ, ಕೆಳಮುಖವಾಗಿ ಇರುತ್ತದೆ, ಬೆರಳಿನ ಕೋನವೇ ಬೇರೆ. ಆದ್ದರಿಂದ ಎರಡನೆಯ ವಾರದಿಂದಲೇ ಅದೇ ಬಟ್ಟೆಯನ್ನು ಏಪ್ರನ್ ಮಾಡಿ ಮಗುವಿನ ಎದೆಗೆ ಕಟ್ಟಿ. ಕಲಿಸುವುದು ಕೊನೆಯ ಹಂತದಿಂದ ಮೊದಲಿನ ಕಡೆಗೆ: ನಾವು ಗುಂಡಿಯನ್ನು ಕಾಜದೊಳಗೆ ಮುಕ್ಕಾಲು ತೂರಿಸಿ ಬಿಟ್ಟರೆ ಮಗು ಎಳೆದು ಮುಗಿಸುತ್ತದೆ. ಮಾರನೆ ವಾರ ಅರ್ಧ ತೂರಿಸುತ್ತೇವೆ. ಪ್ರತಿ ಸಲವೂ ಮುಗಿಸಿದ್ದು ಮಗುವೇ ಆಗಿರುತ್ತದೆ, ಅದರ ಮುಖದಲ್ಲಿ ಅದು ಕಾಣುತ್ತದೆ.

ಅಡುಗೆ ಕೆಲಸಕ್ಕೆ ಬಳ್ಳಾರಿ, ಕೊಪ್ಪಳ, ರಾಯಚೂರು ಈ ನಮ್ಮ ಮೂರು ಜಿಲ್ಲೆಗಳಲ್ಲಿ ಮಂಡಕ್ಕಿ ಒಗ್ಗರಣಿಗಿಂತ ಒಳ್ಳೆಯ ಪಾಠವಿಲ್ಲ. ಮಂಡಕ್ಕಿ, ಮಂಡಾಳ, ಚುರಮುರಿ ಎಂದು ಮನೆಯಿಂದ ಮನೆಗೆ ಹೆಸರು ಬೇರೆ. ಮಗುವಿನ ಮನೆಯ ಹೆಸರೇ ಕಾರ್ಡಿನ ಮೇಲಿರಲಿ. ಹಂತ ಹೀಗೆ: ಅಗಲ ಬಾಯಿಯ ಬೋಗುಣಿಗೆ ಎರಡು ಚೊಂಬು ನೀರು. ಅದಕ್ಕೆ ನಾಲ್ಕು ಬಟ್ಟಲು ಮಂಡಕ್ಕಿ. ಎರಡೂ ಕೈಯಿಂದ ಒಮ್ಮೆ ಅದುಮಿ ಮುಳುಗಿಸುವುದು. ಹತ್ತು ಎಣಿಸುವುದು. ಹಿಡಿ ತೆಗೆದು ಎರಡೂ ಕೈಯಿಂದ ಹಿಂಡುವುದು. ಪಕ್ಕದ ಪರಾತಕ್ಕೆ ಹಾಕಿ ಬೆರಳಿಂದ ಬಿಡಿಸುವುದು. ಪುಠಾಣಿ ಹಿಟ್ಟು ಎರಡು ಚಮಚ ಉದುರಿಸುವುದು. ಎಣ್ಣೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆ ದೊಡ್ಡವರದು. ಕಡೆಗೆ ಕಲಸುವುದು ಮತ್ತೆ ಮಗುವಿನದು.

ಇದರಲ್ಲಿ ಎಣಿಕೆ ಇದೆ, ಅಳತೆ ಇದೆ, ಎರಡೂ ಕೈ ಒಟ್ಟಿಗೆ ದುಡಿಯುವುದಿದೆ. ಒಂದು ಕೈಯನ್ನು ಸದಾ ಮುಷ್ಟಿ ಮಾಡಿಕೊಂಡೇ ಇರುವ ಮಗು ಒದ್ದೆ ಮಂಡಕ್ಕಿ ಹಿಂಡುವಾಗ ಆ ಕೈಯನ್ನು ಬಿಚ್ಚಬೇಕಾಗುತ್ತದೆ, ಮುಚ್ಚಬೇಕಾಗುತ್ತದೆ. ಮಣಿ ಪೋಣಿಸಿದಂತೆ ಒಂದೇ ಕೈಗೆ ಕೆಲಸ ಒಪ್ಪಿಸಿ ತಪ್ಪಿಸಿಕೊಳ್ಳಲು ಇಲ್ಲಿ ಬರುವುದಿಲ್ಲ. ತಪ್ಪು ಕೂಡ ತಾನೇ ಮಾತಾಡುತ್ತದೆ: ಹೆಚ್ಚು ಹೊತ್ತು ನೆನೆದರೆ ಮುದ್ದೆ, ಹಿಂಡದಿದ್ದರೆ ನೀರು ನೀರು. ಬೋಗುಣಿ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಮರೆಯಬೇಡಿ. ನುಂಗಲು ತೊಂದರೆ ಇರುವ ಮಗುವಿಗೆ ಒಣ ಪುಠಾಣಿ ಹಿಟ್ಟು, ಒಣ ಮಂಡಕ್ಕಿ ಬಾಯಿಗೆ ಬೇಡ, ಗಂಟಲಲ್ಲಿ ನಿಲ್ಲುತ್ತದೆ.

ಅಕ್ಕೋರ ಮೂಲೆ, ಆಟದ ಮೂಲೆ, ಶಾಂತ ಮೂಲೆ

ಅಕ್ಕೋರ ಮೂಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ವಿಶೇಷ ಶಿಕ್ಷಕರ ತರಬೇತಿಯೆಲ್ಲ ಅದರದೇ. ಎರಡು ಮಾತು ಸಾಕು. ಪ್ರತಿ ಮಗುವಿಗೆ ಒಂದು ಬಟ್ಟೆ ಚೀಲ, ಅದರಲ್ಲಿ ಆ ಮಗುವಿನ ಈ ತಿಂಗಳ ಮೂರು ಗುರಿಗಳ ಸಾಮಾನು ಮಾತ್ರ. ಹುಡುಕುತ್ತ ಕೂತರೆ ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ ಹೋಗುತ್ತದೆ. ಎರಡನೆಯದು, ಗುರುತು ಹಾಕುವ ಹಾಳೆ ಚೀಲದೊಳಗೇ ಇರಲಿ. ಬೌದ್ಧಿಕ ಅಂಗವಿಕಲರಿಗಾಗಿ ಇರುವ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಎನ್‌ಐಇಪಿಐಡಿ, ಅಂದರೆ ಹಿಂದಿನ ಎನ್‌ಐಎಂಎಚ್, ತಂದ ಎಫ್‌ಎಸಿಪಿ ಪಟ್ಟಿಯನ್ನು, ಅಂದರೆ ಮಗುವಿಗೆ ಏನೇನು ಬರುತ್ತದೆ ಎಂದು ಗುರುತು ಹಾಕುವ ಪಟ್ಟಿಯನ್ನು, ಬಳಸುವವರಿಗೆ ತಾನಾಗಿ ಮಾಡಿತು, ಮಾತಿನ ನೆರವಿನಿಂದ, ಕೈ ನೆರವಿನಿಂದ ಎಂಬ ಗುರುತುಗಳು ಗೊತ್ತು. ಅದೇ ಗುರುತುಗಳನ್ನು ಎಲ್ಲ ಮೂಲೆಗೂ ಬಳಸಿ, ಆಯಾಗೂ ಕಲಿಸಿ. ಮೇಲೆ ಹೇಳಿದ ಐದರಲ್ಲಿ ನಾಲ್ಕು ಎಂಬ ಅಳತೆಯನ್ನು ಹಾಳೆಯಲ್ಲಿ ಕಂಡೇ ತೀರ್ಮಾನಿಸಬೇಕು, ನೆನಪಿನಿಂದಲ್ಲ.

ಆಟದ ಮೂಲೆಯಲ್ಲಿ ಸಾಮಾನು ನಾಲ್ಕೈದೇ ಇರಲಿ, ಉಳಿದದ್ದು ಟ್ರಂಕಿನಲ್ಲಿ. ತೆರೆದ ಕಪಾಟಿಗೆ ಹಳೆಯ ಸೀರೆಯ ಪರದೆ ಹಾಕಿ. ಕೊಪ್ಪಳದ ಪಕ್ಕದ ಕಿನ್ನಾಳದ ಬೊಂಬೆಗಳು ಹಗುರ ಮರದವು, ಶಕ್ತಿ ಕಡಿಮೆ ಇರುವ ಕೈಗೂ ಎತ್ತಲು ಬರುತ್ತವೆ, ಮಗುವಿಗೆ ತನ್ನ ಸೀಮೆಯ ವಸ್ತು. ಆದರೆ ಬಾಯಿಗೆ ಹಾಕುವ, ಜೊಲ್ಲು ಸುರಿಸುವ ಮಕ್ಕಳಿಗೆ ಅವು ಬೇಡ. ಮರದ ಮೇಲೆ ಮೆತ್ತಿದ ಲೇಪಕ್ಕೂ ಬಣ್ಣಕ್ಕೂ ದಿನದಿನದ ತೊಳೆತ ತಡೆಯುವುದಿಲ್ಲ. ಅಂಥವರಿಗೆ ಸ್ಟೀಲು, ಗಟ್ಟಿ ಪ್ಲಾಸ್ಟಿಕ್ಕು; ಸೋಪಿನ ನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದರಾಯಿತು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ.

ಕೈಯಾಡಿಸುವ ತಟ್ಟೆಗೆ ಏನು ತುಂಬಬೇಕು ಎಂಬುದು ಯೋಚಿಸಬೇಕಾದ ಮಾತು. ಗಂಗಾವತಿ, ಸಿಂಧನೂರು ಕಡೆ ಭತ್ತದ ಹೊಟ್ಟು ಸುಲಭವಾಗಿ ಸಿಗುತ್ತದೆ, ಆದರೆ ಅದು ತುರಿಸುತ್ತದೆ, ಧೂಳು ಉಬ್ಬಸದ ಮಗುವಿಗೆ ಆಗದು. ಅಕ್ಕಿ, ಜೋಳ ಚೆನ್ನ, ಆದರೆ ಅನ್ನವನ್ನು ಕಾಲಡಿ ಚೆಲ್ಲುವುದು ಎಷ್ಟೋ ಮನೆಯವರಿಗೆ ನೋವು ತರುತ್ತದೆ; ಅವರ ಮನಸ್ಸಿಗೆ ಬೆಲೆ ಕೊಡಬೇಕು. ಎರಡು ಸಲ ಜರಡಿ ಹಿಡಿದು ತೊಳೆದು ಒಣಗಿಸಿದ ಹೊಳೆ ಮರಳು, ಪರಾತದಲ್ಲಿ ಎರಡು ಇಂಚು ಆಳಕ್ಕೆ, ಸಾಕು. ಕಾಳು ಬಳಸುವುದೇ ಆದರೆ ಮೂಗಿಗೆ ಹಾಕಿಕೊಳ್ಳುವ ಮಗುವಿನ ಸರದಿಯಲ್ಲಿ ತೆಗೆದಿಡಿ. ಮುಚ್ಚಳದ ಡಬ್ಬಿಯಲ್ಲಿ ಒಣ ಬೇವಿನೆಲೆ ಹಾಕಿ ಇಡಿ, ತಿಂಗಳಿಗೊಮ್ಮೆ ಬಿಸಿಲು ತೋರಿಸಿ. ನುಸಿ ಬಿದ್ದರೆ ಇರುವೆ ಬರುತ್ತದೆ, ಕಾಳಿನ ವಾಸನೆಗೆ ಇಲಿಯೂ ಬರುತ್ತದೆ.

ಮಗು ಸುಧಾರಿಸಿಕೊಳ್ಳಲು ಹೋಗುವ ಶಾಂತ ಮೂಲೆ 4 ಅಡಿಗೆ 4 ಅಡಿ, ಚಾಪೆ, ಒಂದು ದಿಂಬು, ಎರಡು ಕಡೆ ಅರ್ಧ ಎತ್ತರದ ಬಟ್ಟೆಯ ಮರೆ. ಮೇಲೆ ಹೊದಿಕೆ ಹಾಕಿ ಗುಡಾರ ಮಾಡಬೇಡಿ. ಏಪ್ರಿಲ್‌ನಲ್ಲಿ ಒಳಗೆ ಗಾಳಿಯಾಡದು. ಗಲಾಟೆ ಮಾಡಿದ ಮಗುವನ್ನು ‘ಹೋಗು ಅಲ್ಲಿ ಕೂಡು’ ಎಂದು ಒಂದೇ ಒಂದು ಸಲ ಇಲ್ಲಿಗೆ ಕಳಿಸಿದರೂ ಅದು ಶಿಕ್ಷೆಯ ಜಾಗವಾಗುತ್ತದೆ, ಮತ್ತೆ ಯಾವ ಮಗುವೂ ತಾನಾಗಿ ಹೋಗುವುದಿಲ್ಲ. ಮಗು ಸಮಾಧಾನವಾಗಿದ್ದಾಗಲೇ ದಿನಕ್ಕೊಮ್ಮೆ ಎರಡು ನಿಮಿಷ ಕರೆದುಕೊಂಡು ಹೋಗಿ ರೂಢಿ ಮಾಡಿಸಿ. ಹೊರಬರುವ ಹೊತ್ತೂ ಮಗುವಿಗೆ ಕಾಣಬೇಕು: ಮೂರು ನಿಮಿಷದ ಮರಳು ಗಡಿಯಾರ ಸಾಕು.

ಸರದಿ

ಎಲ್ಲರೂ ಒಟ್ಟಿಗೆ ಎದ್ದು ಮೂಲೆ ಬದಲಿಸುವ ಎರಡು ನಿಮಿಷವೇ ದಿನದ ಅತಿ ಕಷ್ಟದ ಹೊತ್ತು. ಹೊಡೆತ, ಬೀಳುವುದು, ಓಡುವುದು ಎಲ್ಲ ಆಗುವುದು ಆಗಲೇ. ಆದ್ದರಿಂದ ಒಟ್ಟಿಗೆ ಎಬ್ಬಿಸಬೇಡಿ. ಕಾಲಿಗೆ ಕಟ್ಟುವ ಕ್ಯಾಲಿಪರ್, ವಾಕರ್, ಗಾಲಿಕುರ್ಚಿಯ ಮಗು ಮೊದಲು ಹೊರಡಲಿ, ಅದು ಕೂತ ಮೇಲೆ ಉಳಿದವರು ಇಬ್ಬಿಬ್ಬರಾಗಿ. ಮೊದಲ ತಿಂಗಳು ಒಂದು ಸರದಿ 8 ನಿಮಿಷ, ಆಮೇಲೆ 12, ವರ್ಷದ ಕೊನೆಗೆ 15. ದಿನಕ್ಕೆ ನಾಲ್ಕು ಸರದಿಗಿಂತ ಹೆಚ್ಚು ಬೇಡ.

ಗಂಟೆ ಸದ್ದಿಗೆ ಬೆಚ್ಚುವ ಮಕ್ಕಳಿಗೆ, ಕರೆಂಟು ಹೋದಾಗಲೂ ನಡೆಯುವ ಉಪಾಯ ಬಟ್ಟೆ ಕ್ಲಿಪ್. ಹಗ್ಗಕ್ಕೆ ಐದು ಕ್ಲಿಪ್ ಸಿಕ್ಕಿಸಿ, ಕೊನೆಯ ಐದು ನಿಮಿಷದಲ್ಲಿ ನಿಮಿಷಕ್ಕೊಂದು ತೆಗೆಯಿರಿ. ಹಗ್ಗ ಖಾಲಿ ಅಂದರೆ ಮುಗೀತು. ಪ್ರತಿ ಮಗುವಿನ ದಿನದ ಪಟ್ಟಿ ಅದರ ಕಣ್ಣಿನ ಎತ್ತರಕ್ಕೆ ಗೋಡೆಯ ಮೇಲಿರಲಿ. ಚಿತ್ರ ಅರ್ಥವಾಗದ ಮಗುವಿಗೆ ವಸ್ತುವನ್ನೇ ಕೊಡಿ: ಊಟದ ತಟ್ಟೆ ಅಂದರೆ ಬಿಸಿಯೂಟ, ಗುಂಡಿ ಬಟ್ಟೆ ಅಂದರೆ ದಿನನಿತ್ಯದ ಕೆಲಸದ ಮೂಲೆ. ವಸ್ತುವಿನಿಂದ ಫೋಟೋಗೆ, ಫೋಟೋದಿಂದ ಗೆರೆಚಿತ್ರಕ್ಕೆ, ಆಮೇಲೆ ಅಕ್ಷರಕ್ಕೆ. ಫೋಟೋವನ್ನು ಬಿಳಿ ಬಟ್ಟೆಯ ಮೇಲಿಟ್ಟು ತೆಗೆಯಿರಿ; ಹಿಂದೆ ಬೇರೆ ಸಾಮಾನು ಕಂಡರೆ ಮಗು ಅದನ್ನೇ ನೋಡುತ್ತದೆ. ಹೊಳೆಯುವ ಲ್ಯಾಮಿನೇಶನ್ ಕಿಟಕಿ ಬೆಳಕಿಗೆ ಕನ್ನಡಿಯಂತಾಗುತ್ತದೆ, ಮ್ಯಾಟ್ ಹಾಳೆ ಕೇಳಿ. ರಾಯಚೂರಿನ ಬೇಸಿಗೆಗೆ ವೆಲ್ಕ್ರೋ ಹಿಂದಿನ ಅಂಟು ಮೆತ್ತಗಾಗಿ ಕಾರ್ಡು ಸಮೇತ ಕಿತ್ತು ಬರುತ್ತದೆ. ಅಂಟು ನಂಬದೆ ಬಟ್ಟೆ ಪಟ್ಟಿಗೆ ಹೊಲಿಸಿಬಿಡಿ. ಮೆತ್ತನೆಯ ಭಾಗ ಪಟ್ಟಿಗೆ, ಒರಟು ಭಾಗ ಕಾರ್ಡಿಗೆ, ಇಡೀ ಕೋಣೆಗೆ ಒಂದೇ ನಿಯಮ.

ಇನ್ನು ಭಾಷೆ. ಬಳ್ಳಾರಿ, ರಾಯಚೂರಿನ ಒಂದೇ ಕೋಣೆಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಮನೆಗಳ ಮಕ್ಕಳು ಕೂತಿರುತ್ತಾರೆ. ಮಾತು ಬಾರದ ಮಗುವಿಗೆ ಮನೆಯ ಒಂದು ಪದವಾದರೂ ಅರ್ಥವಾಗುತ್ತಿರುತ್ತದೆ, ಅದನ್ನು ಕಳೆಯಬಾರದು. ನೀರಿನ ಕಾರ್ಡಿನ ಹಿಂದೆ ‘ನೀಳ್ಳು’, ‘ಪಾನಿ’ ಎಂದು ಕನ್ನಡ ಅಕ್ಷರದಲ್ಲೇ ಬರೆದಿಟ್ಟರೆ ಆಯಾ ಕೂಡ ಸರಿಯಾಗಿ ಹೇಳುತ್ತಾರೆ. ಮೊದಲು ಮನೆಯ ಪದ, ಕೂಡಲೇ ಕನ್ನಡದ ಪದ.

ಬೇಸಿಗೆಯ ಒಂದು ವಿಷಯ ಪ್ರತ್ಯೇಕ ಹೇಳಬೇಕು. ಮೂರ್ಛೆ ರೋಗಕ್ಕೆ ಟೋಪಿರಮೇಟ್ ತೆಗೆದುಕೊಳ್ಳುವ ಕೆಲವು ಮಕ್ಕಳಿಗೆ ಬೆವರು ಕಡಿಮೆಯಾಗಿ ಮೈ ಬೇಗ ಕಾಯುತ್ತದೆ. ಯಾವ ಮಗು ಯಾವ ಮಾತ್ರೆಯಲ್ಲಿದೆ ಎಂದು ಮನೆಯವರಿಂದ ಬರೆಸಿಕೊಳ್ಳಿ, ಅಂಥ ಮಗುವಿನ ಜಾಗ ತಗಡಿನ ಕೆಳಗೆ ಬೇಡ, ಪಶ್ಚಿಮದ ಕಿಟಕಿಗೂ ಬೇಡ. ಪ್ರತಿ ಸರದಿಯ ಕೊನೆಗೆ ನೀರು ಕುಡಿಯುವುದು ಪಟ್ಟಿಯಲ್ಲಿ ಚಿತ್ರವಾಗಿಯೇ ಇರಲಿ. ಮೂರ್ಛೆ ಬರುವ ಮಗುವನ್ನು ಮೆಟ್ಟಿಲು, ಸ್ಟವ್, ಕಲ್ಲಿನ ಅಂಚಿನ ಹತ್ತಿರ ಕೂರಿಸಬಾರದು. ಬಂದಾಗ ಒಂದು ಮಗ್ಗುಲಿಗೆ ಮಲಗಿಸಿ, ತಲೆ ಕೆಳಗೆ ದಿಂಬು, ಗಡಿಯಾರ ನೋಡಿ. ಬಾಯಿಗೆ ಏನನ್ನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡುವುದರಿಂದ ನಿಲ್ಲುವುದಿಲ್ಲ. 5 ನಿಮಿಷ ದಾಟಿದರೆ ಆಸ್ಪತ್ರೆ.

ಬೇಸಿಗೆ ರಜೆ ಮುಗಿದು ಬಾಗಿಲು ತೆರೆದಾಗ ಮಾರ್ಚಿನಲ್ಲಿದ್ದ ಎಲ್ಲ ಮೂಲೆಗಳನ್ನು ಮೊದಲ ದಿನವೇ ಹಾಕಬೇಡಿ. ಎರಡು ತಿಂಗಳ ಹತ್ತಿರ ಮಗು ಮನೆಯಲ್ಲಿ ಇದ್ದು ಬಂದಿರುತ್ತದೆ. ಮೊದಲ ವಾರ ಎರಡೇ ಮೂಲೆ, ಸ್ವಂತ ಕೆಲಸಕ್ಕೆ ಮಾರ್ಚಿನಲ್ಲಿ ಮೂರು ಡಬ್ಬಿ ಮಾಡುತ್ತಿದ್ದ ಮಗುವಿಗೆ ಒಂದು ಡಬ್ಬಿ, ಅದೂ ಅದಕ್ಕೆ ಅತಿ ಇಷ್ಟವಾಗಿದ್ದದ್ದು. ಎರಡನೆಯ ವಾರ ಹಾಳೆ ನೋಡಿ ಎರಡನೆಯ ಡಬ್ಬಿ ಸೇರಿಸಿ. ನೆಲದ ಬಣ್ಣದ ಪಟ್ಟಿ ರಜೆಯಲ್ಲಿ ಸವೆದಿದ್ದರೆ ಮಕ್ಕಳು ಬರುವ ಹಿಂದಿನ ದಿನವೇ ಬಳಿಸಿ. ಎಣ್ಣೆ ಬಣ್ಣ ಒಣಗಲು ಒಂದು ರಾತ್ರಿ ಬೇಕು.